ಸಾರು ಮಾಡಿದವರು ಯಾರಾದ್ರೂ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಮೈಕ್ ಸ್ವಲ್ಪ ಗೊರಗೊರ ಅಂತಿದೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಹೊನ್ನಾವರಕ್ಕೆ ಕರೆದಿದ್ದಕ್ಕೆ ತುಂಬಾ ಖುಷಿ ಆಯ್ತು. ಈ ಊರಿನ ಹೆಸರು ನನ್ನ ಇವತ್ತಿನ ಮಾತಿನ ಕೊನೇಲಿ ಒಂದು ಹಳೇ ಪುಸ್ತಕದ ಒಳಗಿಂದ ಎದ್ದು ಬರುತ್ತೆ, ಅಲ್ಲೀವರೆಗೆ ಕಾಯ್ಬೇಕು ನೀವು. ಕಾಲೇಜಿನ ಹುಡುಗರು ಪೋಸ್ಟರ್ ಚೆನ್ನಾಗಿ ಮಾಡಿದಾರೆ, ಗೇಟ್ ಹತ್ರ ನೋಡ್ದೆ, ಯೇತಿ, ಅದೇ ಹಿಮಾಲಯದ ಹಿಮಮಾನವ ಅಂತಾರಲ್ಲ, ಅದರ ಚಿತ್ರ ಹಾಕಿ ಕಣ್ಣಿಗೆ ಕೆಂಪು ಬಣ್ಣ ಬಳಿದು, ಕೆಳಗೆ "ಪತ್ತೆಯಾಗದ ಪ್ರಾಣಿಗಳು ಇವೆಯೇ?" ಅಂತ. ಆ ಯೇತಿಗೆ ಇವತ್ತು ನಾನು ಜಾಸ್ತಿ ಟೈಮ್ ಕೊಡಲ್ಲ, ಬೇಜಾರು ಮಾಡ್ಕೋಬೇಡಿ. ಯಾಕೆ ಕೊಡಲ್ಲ ಅಂತ ಹೇಳೋದೇ ಉಪನ್ಯಾಸ.

ನಾನು ವಿಜ್ಞಾನಿ ಅಲ್ಲ. ಹೈಸ್ಕೂಲಲ್ಲಿ ಜೀವಶಾಸ್ತ್ರ ಪಾಠ ಮಾಡ್ಕೊಂಡು ರಿಟೈರ್ ಆದವನು, ಓದೋ ಚಟ ಇದೆ, ರಜೆ ಬಂದ್ರೆ ಕಾಡು ಸುತ್ತೋ ಚಟ ಇದೆ, ಅಷ್ಟೇ. ಪಾಠ ಮಾಡೋವಾಗ ಪ್ರತಿ ವರ್ಷ ಯಾರಾದ್ರೂ ಒಬ್ಬ ಹುಡುಗ ಎದ್ದು ನಿಂತು ಕೇಳೋನು, ಸಾರ್ ಯೇತಿ ಇದೆಯಾ, ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ರಾಕ್ಷಸ ಇದೆಯಾ, ಏಳು ಹೆಡೆ ಹಾವು ಇದೆಯಾ. ಮೊದಮೊದಲು "ಸುಮ್ನೆ ಕೂತ್ಕೊಳೋ" ಅಂತಿದ್ದೆ. ಆಮೇಲಾಮೇಲೆ ಇದು ದಡ್ಡ ಪ್ರಶ್ನೆ ಅಲ್ವಲ್ಲ ಅನ್ನಿಸ್ತು, ಯಾಕಂದ್ರೆ ನೂರಿಪ್ಪತ್ತು ವರ್ಷದಲ್ಲಿ ನಿಜವಾಗ್ಲೂ ದೊಡ್ಡ ದೊಡ್ಡ ಪ್ರಾಣಿಗಳು ಹೊಸದಾಗಿ ಸಿಕ್ಕಿವೆ, ದನದಷ್ಟು ಎತ್ತರದವೂ ಸಿಕ್ಕಿವೆ. ಹಾಗಾದ್ರೆ ಯಾವುದನ್ನ ನಂಬೋದು ಯಾವುದನ್ನ ಬಿಡೋದು? ನನ್ನ ಹತ್ರ ಒಂದು ಒರಟು ಪರೀಕ್ಷೆ ಇದೆ. ಸಸ್ಯಾಹಾರಿಗಳು ಕ್ಷಮಿಸಬೇಕು. ಪರೀಕ್ಷೆ ಏನಪ್ಪಾ ಅಂದ್ರೆ, ಆ ಪ್ರಾಣೀನ ಸಾರು ಮಾಡಿದವರು ಯಾರಾದ್ರೂ ಇದ್ದಾರಾ ಅಂತ ಕೇಳೋದು.

ನಗ್ತಿದೀರಿ, ನಗಿ. ಒಂದು ಮೀನಿನ ಕಥೆಯಿಂದ ಶುರು ಮಾಡ್ತೀನಿ.

1938, ಡಿಸೆಂಬರ್ 22. ದಕ್ಷಿಣ ಆಫ್ರಿಕಾದಲ್ಲಿ ಈಸ್ಟ್ ಲಂಡನ್ ಅಂತ ಒಂದು ಬಂದರು ಊರು. ಅಲ್ಲಿನ ಚಿಕ್ಕ ಮ್ಯೂಸಿಯಂ ನೋಡ್ಕೊಳ್ತಿದ್ದ ಹೆಣ್ಣುಮಗಳು ಮಾರ್ಜರಿ ಕೋರ್ಟನೆ-ಲ್ಯಾಟಿಮರ್, ವಯಸ್ಸು ಮೂವತ್ತೊಂದು. ಮೀನಿನ ಬೋಟು ಬಂದಾಗೆಲ್ಲ ವಿಚಿತ್ರದ್ದೇನಾದ್ರೂ ಸಿಕ್ಕಿದೆಯಾ ಅಂತ ಹೋಗಿ ನೋಡೋದು ಅವರ ರೂಢಿ, ಬೋಟಿನ ಕ್ಯಾಪ್ಟನ್ ಗೂಸನ್ ಫೋನ್ ಮಾಡಿ ಹೇಳೋನು. ಅವತ್ತು ಕ್ರಿಸ್‌ಮಸ್ ಹತ್ರ, ಬಿಸಿಲು ಸುಡ್ತಿದೆ, ಅಲ್ಲಿ ಡಿಸೆಂಬರ್ ಅಂದ್ರೆ ಬೇಸಿಗೆ. ಕೆಲಸ ಬೇರೆ ಇತ್ತು, ಆದ್ರೂ ಬೋಟಿನವರಿಗೆ ಹಬ್ಬದ ಶುಭಾಶಯನಾದ್ರೂ ಹೇಳಿ ಬರೋಣ ಅಂತ ಹೋದ್ರು. ಡೆಕ್ ಮೇಲೆ ಶಾರ್ಕು ಅದು ಇದು ಎಲ್ಲ ರಾಶಿ ಬಿದ್ದಿತ್ತು, ಆ ರಾಶಿ ಅಡಿಯಿಂದ ಒಂದು ನೀಲಿ ರೆಕ್ಕೆ ಹೊರಗೆ ಚಾಚ್ಕೊಂಡಿತ್ತು. ಮೇಲಿನದನ್ನ ಸರಿಸಿ ನೋಡಿದ್ರೆ 5 ಅಡಿ ಉದ್ದದ ಮೀನು, ಮೈ ನೀಲಿ, ಮೇಲೆ ಬೆಳ್ಳಿ ಮಚ್ಚೆ, ಚಿಪ್ಪು ಕಲ್ಲಿನಷ್ಟು ಗಟ್ಟಿ, ರೆಕ್ಕೆಗಳಿಗೆ ಬುಡದಲ್ಲಿ ಕೈಕಾಲಿನ ಹಾಗೆ ಮಾಂಸದ ತೊಟ್ಟು.

ಇದು ಸಾಮಾನ್ಯ ಮೀನಲ್ಲ ಅಂತ ಅವರಿಗೆ ಗೊತ್ತಾಯ್ತು, ಆದ್ರೆ ಏನು ಅಂತ ಗೊತ್ತಾಗ್ಲಿಲ್ಲ. ಐವತ್ತೇಳು ಕೆಜಿ ತೂಕ. ಟ್ಯಾಕ್ಸಿಯವನು ನಾರೋ ಮೀನು ನನ್ನ ಗಾಡೀಲಿ ಬೇಡ ಅಂತ ಜಗಳಕ್ಕೆ ನಿಂತ, ಹೇಗೋ ಒಪ್ಪಿಸಿ ತಂದ್ರು. ಮ್ಯೂಸಿಯಂ ಮುಖ್ಯಸ್ಥರು ಬಂದು ನೋಡಿ, ಅಯ್ಯೋ ಇದು ಬಂಡೆ ಹತ್ರ ಇರೋ ಮೀನಲ್ವಾ, ನಮ್ಮ ಕಡೆ ಮುರು ಮೀನು ಅಂತೀವಲ್ಲ ಆ ಜಾತೀದು, ಅಂದ್ಬಿಟ್ರು. ಫ್ರಿಜ್ ಎಲ್ಲಿದೆ ಆಗ? ಶವಾಗಾರದಲ್ಲಿ ಇಡಕ್ಕೆ ಕೇಳಿದ್ರು, ಆಗಲ್ಲ ಅಂದ್ರು. ಕೋಲ್ಡ್ ಸ್ಟೋರೇಜ್‌ನವರೂ ಆಗಲ್ಲ ಅಂದ್ರು. ಕೊನೆಗೆ ಪ್ರಾಣಿ ಚರ್ಮ ತುಂಬೋ ಕೆಲಸದವನೊಬ್ಬನ ಹತ್ರ ಕೊಟ್ಟು, ಫಾರ್ಮಲಿನ್‌ನಲ್ಲಿ ನೆನೆಸಿದ ನ್ಯೂಸ್ ಪೇಪರ್, ಹಾಸಿಗೆ ಬಟ್ಟೆ ಎಲ್ಲ ಸುತ್ತಿಟ್ಟು, ಒಂದು ಪೆನ್ಸಿಲ್ ಚಿತ್ರ ಬರೆದು ಗ್ರಹಾಮ್ಸ್‌ಟೌನ್‌ನ ಸ್ಮಿತ್ ಅನ್ನೋ ಮೇಷ್ಟ್ರಿಗೆ ಪೋಸ್ಟ್ ಮಾಡಿದ್ರು. ಅವರು ಕೆಮಿಸ್ಟ್ರಿ ಮೇಷ್ಟ್ರು, ಮೀನು ಅವರ ಹುಚ್ಚು. ರಜೆಗೆ ಬೇರೆ ಊರಿಗೆ ಹೋಗಿದ್ರು, ಪತ್ರ ಕೈಗೆ ಸಿಕ್ಕಿದ್ದು ಜನವರಿ 3ಕ್ಕೆ. ಚಿತ್ರ ನೋಡಿ ಅವರಿಗೆ ತಲೆ ತಿರುಗಿತು, ಯಾಕಂದ್ರೆ ಆ ಆಕಾರದ ಮೀನು ಕಲ್ಲಿನ ಪಳೆಯುಳಿಕೇಲಿ ಮಾತ್ರ ಇದ್ದದ್ದು, ಡೈನೋಸಾರ್ ಜೊತೆ 6.6 ಕೋಟಿ ವರ್ಷದ ಹಿಂದೆಯೇ ಮುಗಿದುಹೋಯ್ತು ಅಂತ ಎಲ್ಲರೂ ಬರೆದಿಟ್ಟಿದ್ದು. ತಕ್ಷಣ ತಂತಿ ಹೊಡೆದ್ರು, ಅಸ್ಥಿಪಂಜರ ಕಿವಿರು ಉಳಿಸಿ ಅಂತ. ತಂತಿ ಬರೋಷ್ಟರಲ್ಲಿ ಒಳಗಿನದೆಲ್ಲ ಕೊಳೆತು ಎಸೆದಾಗಿತ್ತು! ಸೀಲಕ್ಯಾಂತ್ ಅಂತಾರಲ್ಲ, ಅದೇ ಮೀನು. ಆಕೆಯ ಹೆಸರೇ ಅದಕ್ಕೆ ಇಟ್ರು, ಲ್ಯಾಟಿಮೇರಿಯಾ ಅಂತ.

ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ. ನನಗೆ ಮುಖ್ಯ ಅನ್ನಿಸೋದು ಇದರ ಎರಡನೇ ಭಾಗ. ಇನ್ನೊಂದು ಮೀನು ಬೇಕಲ್ಲ, ಒಳಗಿನ ಅಂಗಾಂಗ ನೋಡ್ಬೇಕಲ್ಲ, ಸ್ಮಿತ್ ಇಂಗ್ಲಿಷ್, ಫ್ರೆಂಚ್, ಪೋರ್ಚುಗೀಸ್ ಮೂರೂ ಭಾಷೇಲಿ ಫೋಟೋ ಸಮೇತ ಪೋಸ್ಟರ್ ಹಾಕಿಸಿ 100 ಪೌಂಡ್ ಬಹುಮಾನ ಇಟ್ರು. ಹದಿನಾಲ್ಕು ವರ್ಷ ಕಾದ್ರು. 1952ರ ಡಿಸೆಂಬರಲ್ಲಿ ಮಡಗಾಸ್ಕರ್ ಪಕ್ಕದ ಕೊಮೊರೋಸ್ ದ್ವೀಪದಲ್ಲಿ ಸಿಕ್ತು, ಸಿಕ್ಕಿದ್ದು ಎಲ್ಲಿ, ಮಾರ್ಕೆಟ್ಟಲ್ಲಿ. ಸ್ಮಿತ್ ಪ್ರಧಾನಿ ಮಲಾನ್‌ಗೆ ಫೋನ್ ಮಾಡಿ ಮಿಲಿಟರಿ ವಿಮಾನ ತಗೊಂಡು ಹೋದ್ರು, ಮೀನು ನೋಡಿ ಕಣ್ಣೀರು ಹಾಕಿದ್ರಂತೆ. ಆ ದ್ವೀಪದ ಜನಕ್ಕೆ ಮಾತ್ರ ಆಶ್ಚರ್ಯವೇ ಇಲ್ಲ. ಅವರು ಅದಕ್ಕೆ ಗೊಂಬೆಸ್ಸಾ ಅಂತಾರೆ, ಆಗಾಗ ಗಾಳಕ್ಕೆ ಬೀಳುತ್ತೆ, ರುಚಿ ಇಲ್ಲ, ಮೈಯೆಲ್ಲ ಎಣ್ಣೆ ಎಣ್ಣೆ, ಜಾಸ್ತಿ ತಿಂದ್ರೆ ಹೊಟ್ಟೆ ಕೆಡುತ್ತೆ, ಉಪ್ಪು ಹಾಕಿ ಒಣಗಿಸಿದ್ರೆ ಪರ್ವಾಗಿಲ್ಲ. ಅದರ ಒರಟು ಚಿಪ್ಪಲ್ಲಿ ಸೈಕಲ್ ಟ್ಯೂಬು ಉಜ್ಜಿ ಪಂಕ್ಚರ್ ಹಾಕ್ತಿದ್ರು ಅಂತಾನೂ ಹೇಳ್ತಾರೆ. ನೋಡಿ, ಪ್ರಪಂಚದ ದೊಡ್ಡ ದೊಡ್ಡ ಯೂನಿವರ್ಸಿಟಿಗಳಲ್ಲಿ ಡೈನೋಸಾರ್ ಕಾಲದ್ದು ಅಂತ ಪಾಠ ಮಾಡ್ತಿರೋ ಮೀನಿನ ಚಿಪ್ಪು ಇಲ್ಲಿ ಪಂಕ್ಚರ್ ಅಂಗಡೀಲಿ!

ಇಲ್ಲಿಗೇ ಮುಗೀಲಿಲ್ಲ. 1997ರಲ್ಲಿ ಮಾರ್ಕ್ ಅರ್ಡ್‌ಮನ್ ಅಂತ ಒಬ್ಬ ಸಮುದ್ರ ವಿಜ್ಞಾನಿ ಮದುವೆ ಆಗಿ ಹನಿಮೂನಿಗೆ ಇಂಡೋನೇಷ್ಯಾದ ಮನಾಡೋಗೆ ಹೋಗಿದಾನೆ. ಮಾರ್ಕೆಟ್ ಹತ್ರ ಗಾಡೀಲಿ ಒಂದು ದೊಡ್ಡ ಮೀನು ತಳ್ಕೊಂಡು ಹೋಗ್ತಿದಾರೆ, ಹೆಂಡತಿ ಕಣ್ಣಿಗೆ ಬಿತ್ತು, ಏ ಇದೇನಿದು ನೋಡು ಅಂದ್ಲು. ಅದೂ ಸೀಲಕ್ಯಾಂತ್, ಆಫ್ರಿಕಾದಿಂದ ಹತ್ತು ಸಾವಿರ ಕಿಲೋಮೀಟರ್ ದೂರದಲ್ಲಿ, ಬೇರೆಯದೇ ಪ್ರಭೇದ. ಅಲ್ಲಿನ ಬೆಸ್ತರಿಗೆ ಅದು ರಾಜಾ ಲಾವುತ್, ಕಡಲ ರಾಜ. ಹೆಸರು ಮೊದಲೇ ಇತ್ತು ಮತ್ತೆ.

ಈ ಥರದ ಕಥೆ ಒಂದಲ್ಲ ಎರಡಲ್ಲ, ಸುಮಾರಿವೆ. 1992ರಲ್ಲಿ ವಿಯೆಟ್ನಾಂನ ವು ಕ್ವಾಂಗ್ ಕಾಡಿಗೆ ಸರ್ವೆಗೆ ಹೋದವರು ಬೇಟೆಗಾರರ ಮನೇಲಿ ಗೋಡೆಗೆ ನೇತುಹಾಕಿದ್ದ ಕೊಂಬು ನೋಡಿದ್ರು, ಉದ್ದಕ್ಕೆ, ನೇರಕ್ಕೆ, ಯಾವ ಪುಸ್ತಕದಲ್ಲೂ ಇಲ್ಲದ ಕೊಂಬು. ಅದು ಸಾವೊಲಾ, ದನದ ಸಂಬಂಧಿ, ಹೆಚ್ಚುಕಡಿಮೆ ನೂರು ಕೆಜಿ ಪ್ರಾಣಿ, 1993ರಲ್ಲಿ ವಿಜ್ಞಾನದ ಹೆಸರು ಸಿಕ್ತು. ಸಾವೊಲಾ ಅಂದ್ರೆ ಅವರ ಭಾಷೇಲಿ ನೂಲೋ ರಾಟೆಯ ಕಂಬ, ಕೊಂಬು ಹಾಗಿದೆ ಅಂತ. ಲಾವೋಸಲ್ಲಿ 1996ರಲ್ಲಿ ಟಿಮಿನ್ಸ್ ಅನ್ನೋ ಸಂಶೋಧಕ ಥಾಖೆಕ್ ಸಂತೇಲಿ ತರಕಾರಿ ಪಕ್ಕ ಮಾರಕ್ಕಿಟ್ಟಿದ್ದ ಇಲಿ ನೋಡಿದ, ಅತ್ಲಾಗೆ ಅಳಿಲೂ ಅಲ್ಲ ಇತ್ಲಾಗೆ ಹೆಗ್ಗಣಾನೂ ಅಲ್ಲ, ಪೊದೆ ಬಾಲ. ಅಲ್ಲಿಯವರು ಖಾ-ನ್ಯೂ ಅಂತಾರೆ, ಸುಟ್ಟು ತಿಂತಾರೆ. 2005ರಲ್ಲಿ ಹೆಸರಿಟ್ರು, ಮರುವರ್ಷ ಗೊತ್ತಾಯ್ತು, ಇದರ ಕುಟುಂಬ 1.1 ಕೋಟಿ ವರ್ಷದ ಹಿಂದೆ ಅಳಿದುಹೋಗಿದೆ ಅಂತ ಅಂದ್ಕೊಂಡಿದ್ದದ್ದು. ಸಂತೇಲಿ ಸೊಪ್ಪಿನ ಪಕ್ಕ ಬಿದ್ದಿತ್ತು ಕುಟುಂಬ! ಉತ್ತರ ಮ್ಯಾನ್ಮಾರಲ್ಲಿ ಎಲೆ ಜಿಂಕೆ ಅಂತ ಇದೆ, ಹನ್ನೆರಡು ಕೆಜಿ ಅಷ್ಟೇ ಇರೋ ಪುಟಾಣಿ, ಬೇಟೆಯವರು ಒಂದೇ ದೊಡ್ಡ ಎಲೇಲಿ ಸುತ್ತಿ ತರ್ತಾರಂತೆ, ಅದಕ್ಕೇ ಆ ಹೆಸರು. ಪ್ಯಾಕಿಂಗ್ ನೋಡಿ ಹೆಸರಿಟ್ಟಿದ್ದು. ಕಾಂಗೋ ಕಾಡಿನ ಒಕಾಪಿನೂ ಹಾಗೇ, ಯುರೋಪಿನವರಿಗೆ ಮೊದಲು ತಲುಪಿದ್ದು ಸೊಂಟದ ಬೆಲ್ಟ್ ಮಾಡಿದ್ದ ಪಟ್ಟೆ ಚರ್ಮದ ತುಂಡುಗಳು, ಅದನ್ನ ನೋಡಿ 1901ರಲ್ಲಿ ಇದ್ಯಾವುದೋ ಹೊಸ ಜೀಬ್ರಾ ಅಂತ ಹೆಸರಿಟ್ಟೂ ಆಯ್ತು, ತಲೆಬುರುಡೆ ಬಂದ್ಮೇಲೆ ನೋಡಿದ್ರೆ ಜಿರಾಫೆಯ ದಾಯಾದಿ.

ನಮ್ಮ ದೇಶದ್ದೂ ಹೇಳ್ತೀನಿ. ನೇರಳೆ ಕಪ್ಪೆ, ನೋಡಿರ್ತೀರಿ ಫೋಟೋ, ಉಬ್ಬಿದ ಕಡುಬಿಗೆ ಹಂದಿ ಮೂತಿ ಅಂಟಿಸಿದ ಹಾಗೆ. ವರ್ಷಪೂರ್ತಿ ಮಣ್ಣೊಳಗೆ, ಮುಂಗಾರಿನ ಹೊತ್ತಿಗೆ ಕೆಲವೇ ದಿನ ಮೇಲೆ ಬರುತ್ತೆ. 2003ರಲ್ಲಿ ಬಿಜು ಮತ್ತೆ ಬೋಸ್ಯೂ ಅಂತ ಇಬ್ಬರು ಅದಕ್ಕೆ ಹೊಸ ಕುಟುಂಬವನ್ನೇ ಮಾಡ್ಬೇಕಾಯ್ತು, ಹತ್ತಿರದ ನೆಂಟರು ಇರೋದು ಸೆಶೆಲ್ಸ್ ದ್ವೀಪದಲ್ಲಿ. ಭೂಖಂಡಗಳು ಒಂದಾಗಿದ್ದ ಕಾಲದ ಸಂಬಂಧ ಅದು. ಪ್ರಪಂಚಕ್ಕೆಲ್ಲ ಸುದ್ದಿ ಆಯ್ತು. ಕೇರಳದ ಕೆಲವು ಹೊಳೆ ಬದಿಯ ಕಾಡು ಜನ ಇದರ ಗೊದಮೊಟ್ಟೆಗಳನ್ನ ಬಂಡೆಯಿಂದ ಬಿಡಿಸ್ಕೊಂಡು ಬಂದು ಸಾರು ಮಾಡಿ ಉಣ್ಣೋರು ಅನ್ನೋದು ಆಮೇಲೆ ಬಂದ ಸುದ್ದಿ. ಈಗ ಅದೇ ಆ ಕಪ್ಪೆಗೆ ಒಂದು ಅಪಾಯ ಅಂತ ಬರೀತಾರೆ.

2004-05ರಲ್ಲಿ ಅರುಣಾಚಲದ ತವಾಂಗ್ ಕಡೆ ಹೊಸ ಕೋತಿ ಸಿಕ್ತು, ಕೋತಿ ರೀ, ಮರದ ಮೇಲೆ ಹಗಲಲ್ಲಿ ಕೂತು ಕಿರಿಚೋ ಪ್ರಾಣಿ. ಹುಡುಕಿದವರಲ್ಲಿ ಅನಿಂದ್ಯ ಸಿನ್ಹಾ ಬೆಂಗಳೂರಲ್ಲಿ ಕೆಲಸ ಮಾಡೋರು, ಉಳಿದವರು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಅಪರಾಜಿತಾ ದತ್ತಾ, ಮಧುಸೂದನ್, ಚಾರುದತ್ತ ಮಿಶ್ರಾ. 1903ರ ನಂತರ ಮಕಾಕ್ ಅನ್ನೋ ಕೋತಿ ಗುಂಪಿನಲ್ಲಿ ಹೊಸ ಪ್ರಭೇದ ಸಿಕ್ಕಿದ್ದು ಅದೇ ಮೊದಲು. ಹೆಸರು ಮಕಾಕ ಮುಂಜಾಲ. ಮುಂಜಾಲ ಅಂದ್ರೆ ಮೊನ್ಪಾ ಜನರ ಮಾತಲ್ಲಿ ದಟ್ಟ ಕಾಡಿನ ಕೋತಿ. ಇದನ್ನ ಯಾರೂ ಸಾರು ಮಾಡಲ್ಲ ಇರ್ಬಹುದು, ಆದ್ರೆ ಬೆಳೆ ತಿಂದು ಹೋಗ್ತಿತ್ತು, ಜನ ಓಡಿಸ್ತಿದ್ರು. ನನ್ನ ಪರೀಕ್ಷೇನ ಸ್ವಲ್ಪ ಹಿಗ್ಗಿಸ್ತೀನಿ ಹಾಗಾದ್ರೆ, ಒಂದೋ ಜನ ಅದನ್ನ ತಿಂದಿರ್ಬೇಕು ಇಲ್ಲ ಅದು ಜನರದ್ದೇನಾದ್ರೂ ತಿಂದಿರ್ಬೇಕು. ಅಡುಗೆಮನೆ ಇಲ್ಲ ಗದ್ದೆ, ಎರಡರಲ್ಲಿ ಒಂದು ಕಡೆ ಲೆಕ್ಕ ಸಿಗ್ಬೇಕು.

ಈಗ ನಿಮ್ಮ ಪೋಸ್ಟರಿಗೆ ಬರೋಣ. ಯೇತಿಗೆ ಹೆಸರಿದೆ, ಹೆಜ್ಜೆ ಗುರುತಿದೆ, ಮಠಗಳಲ್ಲಿ ಅದರದ್ದು ಅಂತ ಚರ್ಮ, ಕೂದಲು, ಮೂಳೆ ಎಲ್ಲ ಇಟ್ಕೊಂಡಿದಾರೆ. 2017ರಲ್ಲಿ ಅಂಥ ಒಂಬತ್ತು ಸ್ಯಾಂಪಲ್‌ಗಳ ಡಿಎನ್‌ಎ ನೋಡಿದ್ರು, ಎಂಟು ಕರಡಿ, ಒಂದು ನಾಯಿ. 2019ರ ಏಪ್ರಿಲಲ್ಲಿ ನಮ್ಮ ಸೇನೆಯವರೇ ಮಕಾಲು ಬೇಸ್ ಕ್ಯಾಂಪ್ ಹತ್ರ 32 ಇಂಚು ಉದ್ದದ ಹೆಜ್ಜೆ ಅಂತ ಟ್ವೀಟ್ ಮಾಡಿ ಇಡೀ ದೇಶ ನಕ್ಕಿತ್ತು, ನೆನಪಿರ್ಬಹುದು. ಹಿಮ ಕರಗಿದ್ರೆ ಹೆಜ್ಜೆ ದೊಡ್ಡದಾಗುತ್ತೆ, ಕರಡಿಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬಿದ್ರೆ ಉದ್ದ ಆಗುತ್ತೆ, ಅದರಲ್ಲಿ ಗುಟ್ಟೇನಿಲ್ಲ. ಯಾವ ಶೆರ್ಪಾ ಮನೇಲೂ ಯೇತಿ ಬಾಡಿನ ರುಚಿ ಹೇಗಿರುತ್ತೆ ಅಂತ ಹೇಳೋರಿಲ್ಲ. ಲಾಕ್ ನೆಸ್ ಇನ್ನೂ ಕಷ್ಟ. ಆ ಸರೋವರ ಸುಮಾರು ಹತ್ತು ಸಾವಿರ ವರ್ಷದ ಹಿಂದಿನವರೆಗೆ ಹಿಮದಡಿ ಇತ್ತು, ಡೈನೋಸಾರ್ ಕಾಲದ ಪ್ರಾಣಿ ಅಲ್ಲಿ ಮಂಜುಗಡ್ಡೆ ಒಳಗೆ ಏನ್ ಮಾಡ್ತಿತ್ತು? ನೀರಿಂದ ಉದ್ದ ಕತ್ತು ಎತ್ತಿದ ಹಾಗೆ ಕಾಣೋ 1934ರ ಆ ಪ್ರಖ್ಯಾತ ಫೋಟೋ ಆಟಿಕೆ ಸಬ್‌ಮರೀನಿಗೆ ತಲೆ ಅಂಟಿಸಿದ್ದು ಅಂತ 1994ರಲ್ಲಿ ಹೊರಗೆ ಬಂತು. 2018ರಲ್ಲಿ ನ್ಯೂಜಿಲೆಂಡಿನ ನೀಲ್ ಗೆಮ್ಮೆಲ್ ತಂಡದವರು ನೀರಲ್ಲಿ ಕರಗಿರೋ ಡಿಎನ್‌ಎ ಎಲ್ಲ ಸೋಸಿ ನೋಡಿದ್ರು, ಸರೀಸೃಪದ ಸುಳಿವೇ ಇಲ್ಲ, ಸಿಕ್ಕಿದ್ದು ಬೇಕಾದಷ್ಟು ಹಾವುಮೀನು.

ಇಲ್ಲಿ ಒಂದು ಲೆಕ್ಕ ಹೇಳ್ಬಿಡ್ತೀನಿ, ಹುಡುಗರಿಗೆ. ರಾಕ್ಷಸ ಅಂತ ನಾವು ಏಕವಚನದಲ್ಲಿ ಮಾತಾಡ್ತೀವಿ ನೋಡಿ, ತಪ್ಪು ಶುರುವಾಗೋದೇ ಅಲ್ಲಿ. ಪ್ರಾಣಿ ಯಾವತ್ತೂ ಒಂದೇ ಇರಲ್ಲ. ಅಪ್ಪ ಅಮ್ಮ ಬೇಕು, ಮರಿ ಬೇಕು, ಒಂದೇ ಮನೆತನದಲ್ಲೇ ಸಂಬಂಧ ಆಗ್ತಾ ಹೋದ್ರೆ ವಂಶ ಕುಗ್ಗುತ್ತೆ, ಹಾಗಾಗಿ ಕನಿಷ್ಠ ಕೆಲವು ಡಜನ್, ನೂರಾರು ಇದ್ರೆ ನೆಮ್ಮದಿ. ಅಷ್ಟೂ ಉಣ್ಬೇಕು, ಹೇತ್ಕೋಬೇಕು, ವರ್ಷಕ್ಕೆ ಕೆಲವಾದ್ರೂ ಸಾಯ್ಬೇಕು, ಮೂಳೆ ಬೀಳ್ಬೇಕು. ಮೊದಲು ಯಾರ ಕಣ್ಣಿಗೆ ಬೀಳುತ್ತೆ ಇದೆಲ್ಲ? ಕ್ಯಾಮೆರಾ ಹಿಡ್ಕೊಂಡು ವೀಕೆಂಡಿಗೆ ಬರೋನ ಕಣ್ಣಿಗಲ್ಲ. ದಿನಾ ಉರುಳು ಹಾಕೋನಿಗೆ, ಜೇನು ಕೀಳೋನಿಗೆ, ಬಲೆ ಎಳೆಯೋನಿಗೆ. ಅವನ ಹತ್ರ ಹೆಸರೂ ಇರುತ್ತೆ ಉಪಯೋಗಾನೂ ಇರುತ್ತೆ. ಹೆಸರು ಮಾತ್ರ ಇದ್ದು ಉಪಯೋಗ ಇಲ್ಲದಿದ್ರೆ ನನಗೆ ಅನುಮಾನ. ತೊಂಬತ್ತರ ದಶಕದಲ್ಲಿ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ವಲ್ಲ, ಅದಕ್ಕೂ ಹೆಸರಿತ್ತು.

ಆಳ ಸಮುದ್ರದ್ದು ಬಿಡಿ, ಅಲ್ಲಿ ಮನುಷ್ಯನೇ ಇಲ್ಲ. ಆದ್ರೂ ತಮಾಷೆ ನೋಡಿ, ದೈತ್ಯ ಸ್ಕ್ವಿಡ್ ಇದೆ ಅಂತ ನಂಬಿಸಿದ್ದು ಸ್ಪರ್ಮ್ ವೇಲ್ ಹೊಟ್ಟೇಲಿ ಸಿಕ್ತಿದ್ದ ಅದರ ಕೊಕ್ಕು. ಜೀವಂತ ಫೋಟೋ ತೆಗೆದಿದ್ದು 2004ರಲ್ಲಿ, ಜಪಾನಿನ ಕುಬೊಡೆರಾ ಮತ್ತು ಮೋರಿ. ಅಡುಗೆಮನೆ ತಿಮಿಂಗಿಲದ್ದು, ಅಷ್ಟೇ ವ್ಯತ್ಯಾಸ.

ನನ್ನ ಪರೀಕ್ಷೆ ಫೇಲ್ ಆಗೋದು ಸಣ್ಣ ಜೀವಿಗಳಲ್ಲಿ. ಅದೂ ಬೇರೆಲ್ಲೂ ಅಲ್ಲ, ಇಲ್ಲೇ, ನೀವು ಜೋಗಕ್ಕೆ ಹೋಗೋ ದಾರೀಲಿ ಕತ್ತಲೆಕಾನು ಬರುತ್ತಲ್ಲ, ಬಸ್ಸಲ್ಲಿ ನಿದ್ದೆ ಮಾಡ್ಕೊಂಡು ದಾಟ್ತೀವಲ್ಲ, ಅಲ್ಲಿ. ಕೆ.ವಿ. ಗುರುರಾಜ ಮತ್ತೆ ಸಂಗಡಿಗರು 2014ರಲ್ಲಿ ಒಂದು ಕಪ್ಪೆಗೆ ಕುಂಬಾರ ಅಂತ ಹೆಸರಿಟ್ರು, ಅಚ್ಚ ಕನ್ನಡ ಪದ ಈಗ ಪ್ರಪಂಚದ ಎಲ್ಲ ಪಟ್ಟೀಲೂ ಇದೆ. ಗಂಡು ಕಪ್ಪೆ ತೊರೆಯ ಮಣ್ಣನ್ನ ಕೈಯಲ್ಲಿ ಬಾಚ್ಕೊಂಡು ಮೊಟ್ಟೆ ಮೇಲೆ ಮೆತ್ತುತ್ತೆ, ಗೋಡೆಗೆ ಗಾರೆ ಹಾಕಿದ ಹಾಗೆ. ರಾತ್ರಿ ಟಾರ್ಚ್ ಹಿಡಿದು ತೊರೇಲಿ ಕೂತ್ರೆ ಅದರ ಟಕ್ ಟಕ್ ಕೂಗು ಕೇಳುತ್ತೆ. ಇದನ್ನ ಯಾರೂ ತಿನ್ನಲ್ಲ, ಇದು ಯಾರದ್ದೂ ಬೆಳೆ ತಿನ್ನಲ್ಲ. ಹಾಗಾಗಿ ನೂರಾರು ವರ್ಷ ನಮ್ಮ ಕಿವಿ ಪಕ್ಕ ಕೂಗ್ತಾ ಇದ್ರೂ ಹೆಸರಿಲ್ಲದೆ ಇತ್ತು. ಸಣ್ಣದು, ನಿರುಪದ್ರವಿ, ಇರುಳಿನದ್ದು, ಇಂಥವು ಇನ್ನೂ ಬೇಕಾದಷ್ಟಿವೆ ಪಶ್ಚಿಮ ಘಟ್ಟದಲ್ಲಿ, ಅದರಲ್ಲಿ ನನಗೆ ಸಂಶಯವೇ ಇಲ್ಲ.

ದೊಡ್ಡದು? ಮುನ್ನಾರ್ ಕಡೆ ಎತ್ತರದ ಹುಲ್ಲುಗಾವಲಲ್ಲಿ ಪೊಗೆಯಾನ್ ಅಂತ ಒಂದು ಬೆಕ್ಕಿನ ಮಾತಿದೆ. ಪೊಗೆ ಅಂದ್ರೆ ಹೊಗೆ ಕಣ್ರೀ, ನಮ್ಮ ಹಳಗನ್ನಡದ ಪೊಗೆನೇ. ಮಂಜಿನ ಹಾಗೆ ಬಂದು ಮಂಜಿನ ಹಾಗೆ ಹೋಗುತ್ತೆ ಅಂತ. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಸಂದೇಶ್ ಕಡೂರ್ ಮಚ್ಚೆ ಇಲ್ಲದ ಬೂದು ಬಣ್ಣದ ದೊಡ್ಡ ಬೆಕ್ಕು ಕಂಡಿದ್ದಾಗಿ ಹೇಳಿದಾರೆ, ಅವರು ಸುಮ್ನೆ ಹೇಳೋ ಜನ ಅಲ್ಲ. ಚಿರತೆಯಲ್ಲೇ ಬಣ್ಣ ಬೇರೆ ಇದ್ದದ್ದಿರ್ಬಹುದು. ಚರ್ಮ ಇಲ್ಲ, ಮೂಳೆ ಇಲ್ಲ. ನನಗೆ ಅದು ಇರ್ಲಿ ಅಂತ ಆಸೆ ಇದೆ, ಆಸೆ ಬೇರೆ ನಂಬಿಕೆ ಬೇರೆ. 2022ರ ಹುಲಿ ಗಣತೀಲಿ ದೇಶದಾದ್ಯಂತ 32,588 ಕಡೆ ಕ್ಯಾಮೆರಾ ಟ್ರ್ಯಾಪ್, ಅಂದ್ರೆ ಪ್ರಾಣಿ ಮುಂದೆ ಹಾದ್ರೆ ತಾನೇ ಫೋಟೋ ತೆಗೆಯೋ ಕ್ಯಾಮೆರಾ, ಇಟ್ಟು 4.7 ಕೋಟಿ ಫೋಟೋ ತೆಗೆದಿದಾರೆ, ಹುಲಿ ಕಾಡಲ್ಲಿ ನಾಯಿಗಾತ್ರದ ಪ್ರಾಣಿ ಇದ್ಕೊಂಡು ತಪ್ಪಿಸ್ಕೊಳ್ಳೋದು ಈಗ ಮೊದಲಿನಷ್ಟು ಸುಲಭ ಅಲ್ಲ.

ಈಗ ಹೊನ್ನಾವರ.

ಮಲಬಾರ್ ಸಿವೆಟ್ ಅಂತ ಒಂದು ಪ್ರಾಣಿ. ಪುನುಗು ಬೆಕ್ಕಿನ ದೊಡ್ಡಣ್ಣ ಅಂದ್ಕೊಳ್ಳಿ. ಬೂದು ಮೈ, ದೊಡ್ಡ ಕಪ್ಪು ಮಚ್ಚೆ, ಬೆನ್ನುದ್ದಕ್ಕೂ ಕರೀ ಕೂದಲಿನ ಜೂಲು. 1862ರಲ್ಲಿ ಬ್ಲೈತ್ ಅನ್ನೋ ಪ್ರಾಣಿಶಾಸ್ತ್ರಜ್ಞ ಹೆಸರಿಟ್ಟ. ಐದು ವರ್ಷ ಆದ್ಮೇಲೆ ಜರ್ಡನ್ ಅನ್ನೋ ಸರ್ಜನ್ ಭಾರತದ ಸಸ್ತನಿಗಳ ಬಗ್ಗೆ ಪುಸ್ತಕ ಬರೀತಾ, ಇದು ತಿರುವಾಂಕೂರಿಂದ ಮಲಬಾರ್ ಕರಾವಳಿ ಉದ್ದಕ್ಕೂ ಹೊನೋರ್ ತನಕ ಇದೆ ಅಂದ. ಹೊನೋರ್ ಯಾವ್ದು? ಇದೇ, ನಾವು ಕೂತಿರೋ ಊರು. ಅಂದ್ರೆ ಪ್ರಪಂಚದ ಅತಿ ಅಪರೂಪದ ಸಸ್ತನಿ ಅಂತ ಹೆಸರಾದ ಪ್ರಾಣಿಯ ಉತ್ತರದ ಗಡಿ ನಿಮ್ಮ ಊರು.

ಆಮೇಲೆ ಕಮ್ಮಿ ಆಗ್ತಾ ಹೋಗಿ, 1970ರ ದಶಕದ ಕೊನೇಲಿ ಅಳಿದೇ ಹೋಯ್ತೇನೋ ಅಂದ್ರು. 1987ರಲ್ಲಿ ಕೇರಳದ ನಿಲಂಬೂರಿನ ಸುತ್ತ ಚರ್ಮ ಸಿಕ್ತು, ಗೇರು ತೋಟಗಳಲ್ಲಿತ್ತು ಅಂದ್ರು, ಎಲ್ಲರಿಗೂ ಜೀವ ಬಂತು. ಅಲ್ಲಿಂದ ಈಚೆಗೆ ಕ್ಯಾಮೆರಾ ಇಟ್ರು, ಬೋನು ಇಟ್ರು. ಕಾಡಲ್ಲಿ ತೆಗೆದ ಫೋಟೋ ಒಂದೇ ಒಂದಿಲ್ಲ. 2010ರಲ್ಲಿ ನಂದಿನಿ ಮತ್ತು ದಿವ್ಯಾ ಮುದ್ದಪ್ಪ ಅನ್ನೋ ಸಂಶೋಧಕಿಯರು ಹಳೇ ದಾಖಲೆ, ಮ್ಯೂಸಿಯಂ ಚರ್ಮ ಎಲ್ಲ ಕೆದಕಿ ಒಂದು ಪ್ರಶ್ನೆ ಎತ್ತಿದ್ರು, ಕೇಳಿದ್ರೆ ಮೈ ಜುಂ ಅನ್ನುತ್ತೆ: ಈ ಪ್ರಾಣಿ ಇಲ್ಲಿ ಇತ್ತೇ ಅಂತ ನಮಗೆ ಹೇಗೆ ಗೊತ್ತು? ಯಾಕಂದ್ರೆ ಬರ್ಮಾ ಮಲಯ ಕಡೆ ಇರೋ ದೊಡ್ಡ ಮಚ್ಚೆಯ ಸಿವೆಟ್ಟಿಗೂ ಇದಕ್ಕೂ ವ್ಯತ್ಯಾಸವೇ ಕಾಣ್ಸಲ್ಲ, ಅದಕ್ಕೂ ಅದೇ 1862ರಲ್ಲಿ ಅದೇ ಬ್ಲೈತ್ ಹೆಸರಿಟ್ಟಿದ್ದು. ಈ ಬೆಕ್ಕುಗಳಿಂದ ಸಿಗೋ ಸುವಾಸನೆಯ ಪುನುಗು ಅಂದ್ರೆ ಆ ಕಾಲಕ್ಕೆ ಚಿನ್ನ. ತಿರುಪತಿ ತಿಮ್ಮಪ್ಪನಿಗೆ ಶುಕ್ರವಾರದ ಅಭಿಷೇಕ ಆದ್ಮೇಲೆ ಇವತ್ತಿಗೂ ಪುನುಗಿನ ಎಣ್ಣೆ ಹಚ್ತಾರೆ, ಔಷಧಿಗೆ, ಅತ್ತರಿಗೆ, ಎಲ್ಲದಕ್ಕೂ ಬೇಕಾಗಿತ್ತು. ಬೆಕ್ಕನ್ನ ಪಂಜರದಲ್ಲಿ ಸಾಕಿ, ಅದು ಮೈ ಉಜ್ಜಿದ ಕಡ್ಡಿಯಿಂದ ಆ ಕಂದು ಬೆಣ್ಣೆಯಂಥದ್ದನ್ನ ಕೆರೆದು ತೆಗೆಯೋರು. ಮಲಬಾರ್ ಬಂದರುಗಳಿಗೆ ಎಲ್ಲೆಲ್ಲಿಂದಲೋ ಹಡಗು ಬರ್ತಿದ್ವು. ಪಂಜರದ ಸಮೇತ ಹಡಗಲ್ಲಿ ಬಂದ ಬರ್ಮಾ ಬೆಕ್ಕು ತಪ್ಪಿಸ್ಕೊಂಡು ಇಲ್ಲಿನ ಪೊದೇಲಿ ಸೇರ್ಕೊಂಡು, ಅದನ್ನೇ ನಾವು ಮಲಬಾರ್ ಸಿವೆಟ್ ಅಂದ್ವಾ? ಇರ್ಬಹುದು. ಇಲ್ದೇನೂ ಇರ್ಬಹುದು.

ಮ್ಯೂಸಿಯಂ ಚರ್ಮ ಇದ್ರೆ ಸಾಕ್ಷಿ ಅಲ್ವಾ ಅಂತ ನೀವು ಕೇಳ್ಬಹುದು. ಚರ್ಮಕ್ಕೆ ಕಟ್ಟಿರೋ ಚೀಟಿ ನಿಜ ಹೇಳಿದ್ರೆ ಮಾತ್ರ ಸಾಕ್ಷಿ. ಕಾಡು ಗೂಬೆ ಅಂತ ಮಧ್ಯ ಭಾರತದ ಒಂದು ಚಿಕ್ಕ ಗೂಬೆ, 1884ರ ನಂತರ ಯಾರಿಗೂ ಸಿಕ್ಕಿರ್ಲಿಲ್ಲ, ಒಂದೇ ಒಂದು 1914ರದ್ದು ಅಂತ ಗುಜರಾತಿನ ಮಾಂಡ್ವಿಯ ಚೀಟಿ ಇತ್ತು. ಎಲ್ಲರೂ ಅಲ್ಲಿಗೆ ಹೋಗಿ ಹುಡುಕಿದ್ರು. ಪಮೇಲಾ ರಾಸ್ಮುಸೆನ್ ಅನ್ನೋ ವಿಜ್ಞಾನಿ ಕೂತು ಪರೀಕ್ಷೆ ಮಾಡಿದ್ರೆ, ಮೈನರ್ಟ್ಜ್‌ಹಾಗನ್ ಅನ್ನೋ ಮಹಾಶಯ, ಬ್ರಿಟಿಷ್ ಸೇನೆಯ ಕರ್ನಲ್, ಇನ್ನೊಬ್ಬರು ಸಂಗ್ರಹಿಸಿದ್ದ ಹಕ್ಕೀನ ಮ್ಯೂಸಿಯಮ್ಮಿಂದ ಕದ್ದು, ಮತ್ತೆ ಹೊಲಿದು, ಸುಳ್ಳು ಊರು ಸುಳ್ಳು ದಿನಾಂಕ ಬರೆದು ಚೀಟಿ ಕಟ್ಟಿದ್ದ! ಆ ಚೀಟಿ ಬಿಸಾಕಿ ನಿಜವಾದ ಹಳೇ ಜಾಗಗಳಿಗೆ ಹೋದ್ರು, 1997ರ ನವೆಂಬರಲ್ಲಿ ಮಹಾರಾಷ್ಟ್ರದ ಶಹಾದಾ ಹತ್ರ ಹಾಡುಹಗಲಲ್ಲಿ ಎಲೆ ಉದುರಿದ ಮರದ ಮೇಲೆ ಕೂತಿತ್ತು. 113 ವರ್ಷ.

ಮಲಬಾರ್ ಸಿವೆಟ್ ವಿಷಯಕ್ಕೆ ನನ್ನ ಸಾರಿನ ಪರೀಕ್ಷೆ ಹಚ್ಚೋಣ ಅಂತ ನಾನೇ ಹೊರಟೆ, ಮೂರು ವರ್ಷದ ಹಿಂದೆ. ಈ ಸುತ್ತಮುತ್ತ ಹಳ್ಳೀಲಿ ಎಪ್ಪತ್ತು ಎಂಬತ್ತು ದಾಟಿದವರನ್ನ ಹುಡುಕ್ಕೊಂಡು ಹೋಗಿ, ಎರಡು ಚಿತ್ರ ಇಟ್ಕೊಂಡು. ಮೊದಲ ತೊಂದರೆ ಏನು ಗೊತ್ತಾ, 1972ರ ವನ್ಯಜೀವಿ ಕಾಯ್ದೆ. ಬೇಕು ಆ ಕಾಯ್ದೆ, ಅದರ ಬಗ್ಗೆ ಎರಡು ಮಾತಿಲ್ಲ, ಆದ್ರೆ ತಿಂದಿದ್ರಾ ಅಂತ ಕೇಳಿದ್ರೆ ಇನ್ನು ಯಾರು ಹೇಳ್ತಾರೆ? ಎಲೆ ಅಡಿಕೆ ಹಾಕ್ಕೊಂಡು ನನ್ನನ್ನ ಮೇಲಿಂದ ಕೆಳಗೆ ನೋಡೋರು, ಇವನು ಇಲಾಖೆಯವನಾ ಅಂತ. ಒಬ್ಬ ಅಜ್ಜ ಅಂತೂ, "ನಾವೆಲ್ಲ ಹುಟ್ಟಿದಲಾಗಾಯ್ತು ಬರೀ ಗಂಜಿ ಚಟ್ನಿ ಮಾರಾಯ್ರೇ" ಅಂದ, ಹಿಂದೆ ಮಗ ಮುಖ ತಿರುಗಿಸ್ಕೊಂಡು ನಗ್ತಿದ್ದ. ಎರಡನೇ ತೊಂದರೆ ಹೆಸರಿನದ್ದು. ಪುನುಗು ಬೆಕ್ಕು ಅಂತಾರೆ, ಕಬ್ಬೆಕ್ಕು ಅಂತಾರೆ, ಬೈನೆ ಹಣ್ಣು ತಿನ್ನೋದಕ್ಕೂ ಅದೇ, ಕೋಳಿ ಕದಿಯೋದಕ್ಕೂ ಅದೇ. ದೊಡ್ಡದಕ್ಕೆ ಅಂತ ಬೇರೆ ಹೆಸರು ಒಬ್ಬರ ಬಾಯಲ್ಲೂ ಗಟ್ಟಿಯಾಗಿ ಬರ್ಲಿಲ್ಲ. ಇದು ನನಗೆ ಸ್ವಲ್ಪ ಎದೆ ಧಸಕ್ ಅನ್ನಿಸಿತು, ನಿಜ ಹೇಳ್ಬೇಕಂದ್ರೆ. ಸಾವೊಲಾಗೆ ಹೆಸರಿತ್ತು, ಗೊಂಬೆಸ್ಸಾಗೆ ಇತ್ತು, ಇದಕ್ಕೆ ಇರೋದು ಲ್ಯಾಟಿನ್ ಹೆಸರು ಮಾತ್ರ.

ಒಬ್ಬರು ಅಜ್ಜಿ ಮಾತ್ರ ಚಿತ್ರ ನೋಡಿ ತುಂಬಾ ಹೊತ್ತು ಸುಮ್ನಿದ್ರು. ಕನ್ನಡಕ ಮೇಲೆತ್ತಿ, ಕೆಳಗಿಳಿಸಿ, ಬೆರಳಿಂದ ಆ ಜೂಲನ್ನ ಸವರಿದ್ರು. ಸಣ್ಣೋಳಿದ್ದಾಗ ರಾತ್ರಿ ಕೋಳಿ ಗೂಡಿಗೆ ಬಂದಿತ್ತು, ನಾಯಿಯಷ್ಟು ಎತ್ತರ ಇತ್ತು, ಅಪ್ಪ ದೊಂದಿ ಹಿಡ್ಕೊಂಡು ಓಡಿಸಿದ, ಬೆನ್ನ ಮೇಲೆ ಕೂದಲು ಎದ್ದು ನಿಂತಿತ್ತು ಅಂದ್ರು. ನನ್ನ ಕೈ ನಡುಗ್ತಿತ್ತು ಬರ್ಕೊಳ್ಳೋವಾಗ. ಕುತ್ತಿಗೇಲಿ ಕರೀ ಪಟ್ಟೆ ಎಷ್ಟಿತ್ತು ಅಜ್ಜಿ, ಎರಡಾ ಮೂರಾ, ಅಂತ ಕೇಳ್ದೆ. ನನ್ನ ಮುಖ ನೋಡಿ ಹೇಳಿದ್ರು, "ಪಟ್ಟೆ ಎಣಿಸ್ತಾ ಕೂತ್ಕೊಳ್ಳಕ್ಕೆ ಆಗ್ತದಾ ತಮ್ಮಾ, ನಾವು ಉಳಿದ ಕೋಳಿ ಎಣಿಸ್ದೆವು."

ಅದನ್ನ ಸಾಕ್ಷಿ ಅನ್ನೋಕೆ ಬರಲ್ಲ. ಕೂದಲು ನಿಮಿರಿಸಿದ ಸಣ್ಣ ಪುನುಗೂ ದೊಂದಿ ಬೆಳಕಲ್ಲಿ ದೊಡ್ಡದಾಗಿ ಕಾಣ್ಬಹುದು, ಎಪ್ಪತ್ತು ವರ್ಷದ ನೆನಪಲ್ಲಿ ಇನ್ನೂ ಬೆಳೀಬಹುದು. ಆಮೇಲೆ ಎರಡು ಕ್ಯಾಮೆರಾ ಟ್ರ್ಯಾಪ್ ಸಾಲ ತಂದು, ಪರಿಚಯದವರ ಗೇರು ಬೇಣದಲ್ಲಿ ಕಟ್ಟಿದ್ದೆ, ನಲವತ್ತು ರಾತ್ರಿ. ಸಿಕ್ಕಿದ್ದು ಮುಳ್ಳುಹಂದಿ, ಸಣ್ಣ ಪುನುಗು, ಪಕ್ಕದ ಮನೆ ನಾಯಿ, ಆಮೇಲೆ ಒಬ್ಬ ಗೇರುಬೀಜ ಕಳ್ಳ. ಕಳ್ಳನ ಫೋಟೋ ಅಷ್ಟು ಸ್ಪಷ್ಟ ಬಂದಿತ್ತು, ಬೇಣದ ಯಜಮಾನರು ನನ್ನ ಸಂಶೋಧನೆ ದೊಡ್ಡ ಯಶಸ್ಸು ಅಂತ ಊಟ ಹಾಕ್ಸಿದ್ರು.

ಹಾಗಾಗಿ ನನ್ನ ಕಡೆಯಿಂದ ಒಂದು ಕೋರಿಕೆ. ನಿಮ್ಮ ಹಳೇ ಮನೆ ಅಟ್ಟದಲ್ಲಿ ಅಜ್ಜನ ಕಾಲದ ಯಾವುದಾದ್ರೂ ಚರ್ಮ, ತಲೆಬುರುಡೆ, ಪುನುಗಿನ ಡಬ್ಬಿ ಇದ್ರೆ ಬಿಸಾಕಬೇಡಿ, ಮಾರಕ್ಕಂತೂ ಹೋಗ್ಲೇಬೇಡಿ, ಕಾನೂನು ಪ್ರಕಾರ ಏನು ಮಾಡ್ಬೇಕು ಅಂತ ಮೊದಲು ಅರಣ್ಯ ಇಲಾಖೆಯವರನ್ನ ಕೇಳಿ. ಹೈವೇಲಿ ಬೆಳಗಿನ ಜಾವ ಹೋಗೋವಾಗ ಗಾಡಿಗೆ ಸಿಕ್ಕಿ ಸತ್ತ ಬೆಕ್ಕಿನಂಥದ್ದು ಕಂಡ್ರೆ ಒಂದು ನಿಮಿಷ ಬೈಕ್ ಸೈಡಿಗೆ ಹಾಕಿ ನೋಡಿ. ಬೆನ್ನ ಮೇಲೆ ಕರೀ ಜೂಲು ಇದೆಯಾ, ಮಚ್ಚೆ ದೊಡ್ಡದಾಗಿ ಇದೆಯಾ. ಮುಟ್ಬೇಡಿ. ನಿಮ್ಮ ಚಪ್ಪಲಿ ಒಂದನ್ನ ಪಕ್ಕದಲ್ಲಿಟ್ಟು ಫೋಟೋ ತೆಗೀರಿ, ಇಲ್ದಿದ್ರೆ ಗಾತ್ರ ಗೊತ್ತಾಗಲ್ಲ. ಬೆನ್ನಿಂದೊಂದು, ಬದಿಯಿಂದೊಂದು, ಕತ್ತಿನ ಅಡಿಯಿಂದೊಂದು. ಆ ಅಜ್ಜಿ ಎಣಿಸದೆ ಬಿಟ್ಟ ಪಟ್ಟೆ ಇರೋದು ಅಲ್ಲೇ, ಕತ್ತಿನ ಅಡಿಯಲ್ಲಿ.

ಟೈಮ್ ಆಯ್ತು ಅಂತ ಸಂಘಟಕರು ಗಡಿಯಾರ ತೋರಿಸ್ತಿದಾರೆ. ಪ್ರಶ್ನೆ ಇದ್ರೆ ಕೇಳಿ. ಆ ಹಿಂದಿನ ಬೆಂಚಿನ ಹುಡುಗ ಆಗಿಂದ ಕೈ ಎತ್ಕೊಂಡೇ ಇದಾನೆ, ಏನಪ್ಪಾ, ಏಳು ಹೆಡೆ ಹಾವಾ?